ಪೈಲಟ್ ಜ್ವಾಲೆ ಆರಿಸಿ ಎರಡು ಚಳಿಗಾಲ: ಗ್ಯಾಸ್ ಹೀಟರಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹೇಗಿದೆ?

ಹಳೇ ಗ್ಯಾಸ್ ಹೀಟರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ (ಬೇಕಾದಾಗ ತಾನೇ ಕಿಡಿ ಹಾರಿಸಿ ಹೀಟರ್ ಹೊತ್ತಿಸುವ ಸಾಮಾನು) ಹಾಕಿಸಿ ಎರಡು ಚಳಿಗಾಲ ಕಳೆಯಿತು. ಹಾಕಿಸಿದ ವಾರದಲ್ಲೇ ರಿವ್ಯೂ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಬಾಯಿಗೆ ಬಂದಂತೆ ಬೈದಿರುತ್ತಿದ್ದೆ. ತಿಂಗಳು ಬಿಟ್ಟು ಬರೆದಿದ್ದರೆ ಖುಷಿಯಲ್ಲಿ ಐದೂ ಕೊಟ್ಟಿರುತ್ತಿದ್ದೆ. ಈಗ ತಲೆ ತಣ್ಣಗಿದೆ, ನಾಲ್ಕು ಕೊಡುತ್ತೇನೆ. ಕಂಪನಿ ಹೆಸರು ಬರೆಯುವುದಿಲ್ಲ, ಬೈಯುವ ಭಾಗವೂ ಇದೆಯಲ್ಲ. ಅದೂ ಅಲ್ಲದೆ ಈ ನಮೂನೆಯ ಕಿಟ್‌ಗಳೆಲ್ಲ ಒಳಗೆ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ.

ನಮ್ಮದು ಮನೆಗೆಲ್ಲ ಬಿಸಿಗಾಳಿ ಊದುವ ದೊಡ್ಡ ಹೀಟರ್, ಎಲ್‌ಪಿಜಿಯಲ್ಲಿ ಓಡುತ್ತದೆ. ಅದರ ಹೊಟ್ಟೆಯಲ್ಲಿ ಕಿರುಬೆರಳಷ್ಟು ಉದ್ದದ ಒಂದು ನೀಲಿ ಜ್ವಾಲೆ, ಅದೇ ಪೈಲಟ್, ದೊಡ್ಡ ಬರ್ನರನ್ನು ಹೊತ್ತಿಸುವ ಪುಟ್ಟ ಬೆಂಕಿ. ಹಗಲೂ ರಾತ್ರಿ ನಂದಾದೀಪದ ಹಾಗೆ ಉರಿಯುತ್ತಲೇ ಇರಬೇಕು. ಗಾಳಿ ಜೋರಾದ ರಾತ್ರಿ ಆರಿಹೋಗುತ್ತಿತ್ತು. ಆರಿದೆ ಅಂತ ಗೊತ್ತಾಗುತ್ತಿದ್ದದ್ದು ಬೆಳಗಿನ ಜಾವ, ಕಾಲು ಮರಗಟ್ಟಿದ ಮೇಲೆ. ಎದ್ದು ಹೋಗಿ, ಮೊದಲು ನೆಲಕ್ಕೆ ಮೂಗು ತಾಗಿಸಿ ವಾಸನೆ ನೋಡಬೇಕು (ಎಲ್‌ಪಿಜಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗಲ್ಲ, ನೆಲದ ಮೇಲೇ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ), ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ ಹೊಟ್ಟೆ ಮೇಲೆ ಮಲಗಿ, ಒಂದು ಕೈಯಲ್ಲಿ ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉದ್ದನೆಯ ಬೆಂಕಿಕಡ್ಡಿ ಒಳಗೆ ತೂರಿಸಿ, ಹೊತ್ತಿಕೊಂಡ ಮೇಲೂ ಗುಂಡಿ ಬಿಡದೆ ಅರವತ್ತು ಎಣಿಸಬೇಕು. ಐವತ್ತಕ್ಕೇ ಬಿಟ್ಟರೆ ಟಕ್ ಅಂತ ಸದ್ದು. ಮತ್ತೆ ಮೊದಲಿಂದ. ಹಿಂದಿನಿಂದ ಅಮ್ಮ, "ಸುಮ್ನೆ ಬಿಡೋ, ಮುಖ ಸುಟ್ಕೋತೀಯ" ಅನ್ನುವುದು.

ಆ ಅರವತ್ತು ಯಾಕೆ ಅಂತ ಎಷ್ಟೋ ವರ್ಷ ನನಗೆ ಗೊತ್ತಿರಲಿಲ್ಲ. ಪೈಲಟ್ ಜ್ವಾಲೆಯೊಳಗೆ ಥರ್ಮೋಕಪಲ್ ಅನ್ನುವ ತಾಮ್ರದ ಬಾಲದ ಕಡ್ಡಿ ಇರುತ್ತದೆ. ಅದು ಕಾದರೆ 25ರಿಂದ 30 ಮಿಲಿವೋಲ್ಟ್ ಹುಟ್ಟುತ್ತದೆ. ಇಷ್ಟರಿಂದ ವಾಲ್ವಿನೊಳಗಿನ ಪುಟಾಣಿ ಅಯಸ್ಕಾಂತಕ್ಕೆ ಬಾಗಿಲು ಎಳೆಯುವ ಶಕ್ತಿ ಬರಲ್ಲ, ಬೇರೆ ಯಾರಾದರೂ ಎಳೆದುಕೊಟ್ಟರೆ ಹಿಡಿದುಕೊಳ್ಳುವಷ್ಟು ಮಾತ್ರ ಬರುತ್ತದೆ. ಎಳೆದುಕೊಡುವವರು ನಾವು, ನಮ್ಮ ಹೆಬ್ಬೆರಳು. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗಿ, ಅಯಸ್ಕಾಂತ ಕೈಬಿಟ್ಟು ಗ್ಯಾಸ್ ನಿಲ್ಲುತ್ತದೆ. ಸರಳ, ಕರೆಂಟ್ ಬೇಡ, ದಶಕಗಟ್ಟಲೆ ಬಾಳುವ ಉಪಾಯ. ಆದರೆ ಕಡ್ಡಿ ತಣ್ಣಗಾಗುವುದಕ್ಕೂ ಸಮಯ ಬೇಕಲ್ಲ, ಕೆಲವು ಸಲ ಒಂದು ನಿಮಿಷವೇ ಹಿಡಿಯುತ್ತದೆ. ಅಷ್ಟು ಹೊತ್ತು ಹೊತ್ತದ ಗ್ಯಾಸ್ ಬರುತ್ತಲೇ ಇರುತ್ತದೆ.

ಇನ್ನು ಖರ್ಚು. ಪೈಲಟ್ ತಿನ್ನುವುದು ಎಷ್ಟು ಮಹಾ ಅಂದುಕೊಂಡಿದ್ದೆ. ಹೀಟರುಗಳ ಪೈಲಟ್ ಗಂಟೆಗೆ ಸುಮಾರು 500ರಿಂದ 1500 ಬಿಟಿಯು (ಶಾಖದ ಅಳತೆ) ಉರಿಸುತ್ತದೆ. ನಡುವೆ 800 ಅಂತ ಇಟ್ಟುಕೊಳ್ಳಿ. ವಿದ್ಯುತ್ತಿನ ಲೆಕ್ಕಕ್ಕೆ ತಂದರೆ 234 ವ್ಯಾಟ್, ಅಂದರೆ ಹಳೇ ಕಾಲದ 60 ವ್ಯಾಟ್ ಬಲ್ಬು ನಾಲ್ಕು, ವರ್ಷವಿಡೀ ಆರಿಸದೆ. ವರ್ಷಕ್ಕೆ 2000 ಯೂನಿಟ್ ದಾಟುತ್ತದೆ. ಎಲ್‌ಪಿಜಿ ತೂಕದಲ್ಲಿ 150 ಕಿಲೋ ಆಸುಪಾಸು. ಲೆಕ್ಕ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ ನನಗೆ. ಹನಿಹನಿ ಕೂಡಿದರೆ ಹಳ್ಳ ಅನ್ನುವುದು ಉಳಿತಾಯಕ್ಕೆ ಮಾತ್ರ ಅಲ್ಲ, ಸೋರಿಕೆಗೂ ಸರಿಯೇ. ಬೇಸಿಗೆಯಲ್ಲಿ ಪೈಲಟ್ ಆರಿಸಿಡುವವರಿಗೆ ಇದರ ಅರ್ಧವೋ ಮುಕ್ಕಾಲೋ ಅಂತ ಹಿಡಿಯಿರಿ. ನಾವು ಮತ್ತೆ ಹೊತ್ತಿಸುವ ರಗಳೆಗೆ ಹೆದರಿ ಆರಿಸುತ್ತಲೇ ಇರಲಿಲ್ಲ.

ಸರಿ, ಬದಲಾಯಿಸೋಣ ಅಂತ ಹೊರಟಾಗ ಮೊದಲು ಸಿಕ್ಕಿದ್ದೇ ಅಡ್ಡದಾರಿ. "ಒಂದು ಸ್ಪಾರ್ಕ್ ಯೂನಿಟ್ ತಂದು ಪೈಲಟ್ ಪಕ್ಕ ಕಟ್ಟಿದರೆ ಆಯ್ತು" ಅಂತ ಹೇಳುವವರು ಬೇಕಾದಷ್ಟು ಜನ. ದಯವಿಟ್ಟು ಮಾಡಬೇಡಿ. ಒಲೆ ಹಚ್ಚುವ ಹಾಗೆ ಟಕ್ ಅಂತ ಕಿಡಿ ಹಾರಿಸುವ ಪೀಜೋ ಗುಂಡಿ ಕೂಡ ಎಲೆಕ್ಟ್ರಾನಿಕ್ ಇಗ್ನಿಷನ್ ಅಲ್ಲ, ಅದು ಬೆಂಕಿಕಡ್ಡಿಯ ಬದಲಿ, ಅಷ್ಟೇ. ಕಿಡಿ ಹಾರಿಸುವುದು ಈ ಕೆಲಸದಲ್ಲಿ ತೀರಾ ಸುಲಭದ ಭಾಗ. ಹೊತ್ತಿತಾ ಇಲ್ಲವಾ ಅಂತ ನೋಡಿ, ಹೊತ್ತಿಲ್ಲ ಅಂದರೆ ಗ್ಯಾಸ್ ಮುಚ್ಚುವವರು ಯಾರು? ನೀವು ದುಡ್ಡು ಕೊಡುವುದು ಆ ನೋಡುವ ಕಣ್ಣಿಗೆ.

ನಾನು ತಂದ ಕಿಟ್ಟಿನ ಡಬ್ಬಿಯಲ್ಲಿ ಇದ್ದದ್ದು: ಎರಡು ಕಾಯಿಲ್ (ಕರೆಂಟ್ ಕೊಟ್ಟರೆ ಗ್ಯಾಸಿನ ದಾರಿ ತೆರೆಯುವ ಸುರುಳಿ) ಇರುವ ಹೊಸ ಗ್ಯಾಸ್ ವಾಲ್ವ್, ಕಿಡಿ ಹಾರಿಸುವ ಕಡ್ಡಿ ಇರುವ ಹೊಸ ಪೈಲಟ್, ಅಂಗೈ ಅಗಲದ ಒಂದು ಕಂಟ್ರೋಲ್ ಮಾಡ್ಯೂಲ್, ವೈರುಗಳು, ಪೈಲಟ್ ಟ್ಯೂಬ್, ಎಲ್‌ಪಿಜಿಗೆ ಬೇಕಾದ ಸಣ್ಣ ತೂತಿನ ಜೆಟ್ ಮತ್ತು ರೆಗ್ಯುಲೇಟರಿನ ಸ್ಪ್ರಿಂಗ್. ಜೊತೆಗೆ ಭೂತಕನ್ನಡಿ ಇಲ್ಲದೆ ಓದಲಾಗದ ಒಂದು ಕೈಪಿಡಿ. ಅದರ ಬಗ್ಗೆ ಆಮೇಲೆ.

ಪೈಲಟ್ ಇಲ್ಲಿಯೂ ಇದೆ, ಆದರೆ ಬೇಕಾದಾಗ ಮಾತ್ರ ಹೊತ್ತುತ್ತದೆ. ಮನೆಯ ಬಿಸಿ ಎಷ್ಟಿದೆ ಅಂತ ನೋಡುವ ಥರ್ಮೋಸ್ಟಾಟ್ ಬಿಸಿ ಬೇಕು ಅಂದ ಕೂಡಲೇ ಮಾಡ್ಯೂಲ್ ಮೊದಲು ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಹೊತ್ತಿಸುವ ಮುಂಚೆಯೇ ಜ್ವಾಲೆ ಕಾಣುತ್ತಿದೆ ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಶುರುವೇ ಮಾಡಲ್ಲ. ಎಲ್ಲ ಸರಿ ಇದ್ದರೆ ಪೈಲಟ್ ಕಾಯಿಲ್ ತೆರೆದು ಟಿಕ್ ಟಿಕ್ ಅಂತ ಕಿಡಿ ಹಾರಿಸುತ್ತದೆ. ಪೈಲಟ್ ಹೊತ್ತಿದ್ದು ಖಾತ್ರಿಯಾದ ಮೇಲೆ ಕಿಡಿ ನಿಲ್ಲಿಸಿ, ಆಗ ಮಾತ್ರ ದೊಡ್ಡ ಬರ್ನರಿಗೆ ಗ್ಯಾಸ್ ಬಿಡುತ್ತದೆ.

ಖಾತ್ರಿ ಮಾಡಿಕೊಳ್ಳುವ ಬಗೆ ನನಗೆ ಬಹಳ ಹಿಡಿಸಿತು. ಜ್ವಾಲೆಯಲ್ಲಿ ವಿದ್ಯುತ್ ಅಷ್ಟಿಷ್ಟು ಹರಿಯುತ್ತದೆ. ಮಾಡ್ಯೂಲ್ ಒಂದು ಕಡ್ಡಿಗೆ ಏಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಕೊಡುತ್ತದೆ. ಕಡ್ಡಿ ಸಣ್ಣದು, ಎದುರಿಗಿರುವ ಪೈಲಟಿನ ಲೋಹ ದೊಡ್ಡದು, ಹಾಗಾಗಿ ಕರೆಂಟ್ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತದೆ. ಉಳಿಯುವುದು ಒಂದೆರಡು ಮೈಕ್ರೋಆಂಪ್ ಡಿಸಿ (ಒಂದೇ ದಿಕ್ಕಿನ ಕರೆಂಟ್), ಆಂಪಿಯರಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕ. ಆ ಚೂರು ಡಿಸಿ ಕಂಡರೆ ಮಾತ್ರ ಬೆಂಕಿ ಇದೆ ಅಂತ ನಂಬುತ್ತದೆ. ಕಡ್ಡಿ ಬಗ್ಗಿ ಲೋಹಕ್ಕೆ ತಾಗಿದರೂ ಮೋಸ ಹೋಗಲ್ಲ, ಯಾಕೆಂದರೆ ತಾಗಿದಾಗ ಏಸಿ ಏಸಿಯಾಗಿಯೇ ಹರಿಯುತ್ತದೆ, ಡಿಸಿ ಆಗುವುದಿಲ್ಲ. ಮತ್ತೆ ಜ್ವಾಲೆ ಆರಿದರೆ ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಥರ್ಮೋಕಪಲ್ಲಿನ ಹಾಗೆ ಕಡ್ಡಿ ತಣ್ಣಗಾಗುವವರೆಗೆ ಕಾಯುವ ಮಾತೇ ಇಲ್ಲ.

ಕೊಳ್ಳುವಾಗ ಒಂದು ವಿಷಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಅದು ಲಾಕ್‌ಔಟ್. ಮಾಡ್ಯೂಲುಗಳಲ್ಲಿ ಎರಡು ಜಾತಿ. ಒಂದು, ಹೊತ್ತುವವರೆಗೂ ಪೈಲಟ್ ಗ್ಯಾಸ್ ಬಿಡುತ್ತಾ ಕಿಡಿ ಹಾರಿಸುತ್ತಲೇ ಇರುವುದು. ಇನ್ನೊಂದು, ಗೊತ್ತಾದ ಸಮಯದೊಳಗೆ, ಸಾಮಾನ್ಯವಾಗಿ 15 ಅಥವಾ 90 ಸೆಕೆಂಡ್, ಹೊತ್ತದಿದ್ದರೆ ಪೈಲಟ್ ಗ್ಯಾಸನ್ನೂ ಪೂರ್ತಿ ಮುಚ್ಚುವುದು, ಇದೇ ಲಾಕ್‌ಔಟ್. ಮೊದಲನೇ ಜಾತಿ ನೈಸರ್ಗಿಕ ಅನಿಲಕ್ಕೆ ಮಾತ್ರ, ಅದು ಗಾಳಿಗಿಂತ ಹಗುರ, ಚಿಮಣಿಯಲ್ಲಿ ಮೇಲೆ ಹೋಗಿಬಿಡುತ್ತದೆ. ಎಲ್‌ಪಿಜಿ ಇರುವವರು ಎರಡನೆಯದನ್ನು ಬಿಟ್ಟು ಬೇರೆ ಮುಟ್ಟಲೇಬಾರದು. ನಾನು ಇದಕ್ಕೂ ಲೆಕ್ಕ ಹಾಕಿದೆ, ಚಾಳಿ. 800 ಬಿಟಿಯು ಪೈಲಟಿನಿಂದ 90 ಸೆಕೆಂಡಿನಲ್ಲಿ ಹೊರಬರುವ ಎಲ್‌ಪಿಜಿ ಅರ್ಧ ಗ್ರಾಂ ಕೂಡ ಆಗಲ್ಲ. ಅದೇ ರಾತ್ರಿಯಿಡೀ ಎಂಟು ತಾಸು ಬಿಟ್ಟುಕೊಂಡಿದ್ದರೆ 140 ಗ್ರಾಂ ಹತ್ತಿರ, ಅದೂ ಪಕ್ಕದಲ್ಲೇ ಕಿಡಿ ಹಾರುತ್ತಿರುವಾಗ. ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು ಆ ಮೊದಲನೇ ಜಾತಿಯನ್ನೇ. "ಎಲ್ಲಕ್ಕೂ ನಡೆಯುತ್ತೆ ಸಾರ್" ಅಂದ ಹುಡುಗ. ಡಬ್ಬಿ ತಿರುಗಿಸಿ ಓದಿದೆ, ಎಲ್‌ಪಿಜಿಗೆ ಬಳಸಬಾರದು ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು.

ಕೂರಿಸಿದ್ದು ನಾನಲ್ಲ. ವೈರಿಂಗ್ ಬರುತ್ತದೆ, ಸ್ಪ್ಯಾನರ್ ಹಿಡಿಯಲೂ ಬರುತ್ತದೆ. ಆದರೂ ಗ್ಯಾಸ್ ವಾಲ್ವ್ ಬಿಚ್ಚುವ ಧೈರ್ಯ ಮಾಡಲಿಲ್ಲ, ಎಷ್ಟೋ ಕಡೆ ಲೈಸೆನ್ಸ್ ಇಲ್ಲದವರು ಬಿಚ್ಚುವಂತೆಯೂ ಇಲ್ಲ. ಫಿಟ್ಟರ್ ಸುಮಾರು ಐವತ್ತೈದರ ವಯಸ್ಸಿನವರು, ಮಾತು ಕಡಿಮೆ. ಬಂದವರೇ ಕಿಟ್ ಕಡೆ ನೋಡಲಿಲ್ಲ, ಹೀಟರಿನ ಬಾಗಿಲು ತೆಗೆದು ಒಳಗಿನ ಫಲಕ ಒರೆಸಿ ಓದಿದರು. ಯಾವ ಗ್ಯಾಸ್, ಎಷ್ಟು ಬಿಟಿಯು, ಎಷ್ಟು ಒತ್ತಡ. ಆಮೇಲೆ ಕಿಟ್ಟಿನ ಪಟ್ಟಿಯಲ್ಲಿ ನಮ್ಮಂಥ ಹೀಟರಿಗೆ ಒಪ್ಪಿಗೆ ಇದೆಯಾ ಅಂತ ನೋಡಿದರು. ನಂತರ ಟಾರ್ಚ್ ಹಿಡಿದು, ಬೆಂಕಿಯ ಶಾಖವನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಬಿರುಕು ಹುಡುಕಿದರು. "ಇದು ಸೀಳಿದ್ರೆ ಕಿಟ್ ವಾಪಸ್ ಕೊಟ್ಬಿಡಿ, ಹೀಟರ್ರೇ ಹೊಸದು ತಗೊಳ್ಳಿ" ಅಂದರು. ಬಿರುಕು ಇರಲಿಲ್ಲ.

ಕರೆಂಟ್ ಆಫ್, ಗ್ಯಾಸ್ ಆಫ್. ಹಳೇ ವೈರುಗಳ ಫೋಟೋ ನನ್ನ ಕೈಯಲ್ಲೇ ತೆಗೆಸಿದರು. ವಾಲ್ವ್ ಬಿಚ್ಚುವಾಗ ಎರಡು ರೆಂಚು, ಒಂದು ಪೈಪನ್ನು ಅಲುಗದ ಹಾಗೆ ಹಿಡಿಯಲು, ಇನ್ನೊಂದು ತಿರುಗಿಸಲು. ಒಂದರಲ್ಲೇ ತಿರುಗಿಸಿದರೆ ಗೋಡೆಯೊಳಗೆ ಎಲ್ಲೋ ಇರುವ ಜಾಯಿಂಟ್ ಸಡಿಲವಾಗಿ ಅಲ್ಲಿ ಸೋರಬಹುದಂತೆ. ಪೈಪಿನ ಥ್ರೆಡ್ಡಿಗೆ ಪೇಸ್ಟ್ ಹಚ್ಚುವಾಗ ತುದಿಯ ಎರಡು ಸುತ್ತು ಬಿಟ್ಟೇ ಹಚ್ಚಿದರು, ಪೇಸ್ಟಿನ ಚೂರು ವಾಲ್ವಿನೊಳಗೆ ಹೋಗಬಾರದು ಅಂತ. ಹಳೇ ಪೈಲಟ್ ಟ್ಯೂಬ್ ಚೆನ್ನಾಗೇ ಕಾಣುತ್ತಿತ್ತು, ಅದನ್ನೇ ಹಾಕಬಹುದಲ್ವಾ ಅಂತ ಕೇಳಿದೆ. ತಲೆಯಾಡಿಸಿ ಎಸೆದರು. ಒಮ್ಮೆ ಒತ್ತಿ ಕೂತ ತುದಿ ಇನ್ನೊಂದು ವಾಲ್ವಿಗೆ ಸರಿಯಾಗಿ ಕೂರಲ್ಲ.

ಆಮೇಲೆ ಸೋಪಿನ ನೀರು. ಬ್ರಷ್‌ನಲ್ಲಿ ಪ್ರತಿ ಜಾಯಿಂಟಿಗೂ ಹಚ್ಚಿ, ಟಾರ್ಚ್ ಬಿಟ್ಟು ಸುಮ್ಮನೆ ಕೂತರು. ನಾನು ಪಕ್ಕದಲ್ಲಿ. ವಾಲ್ವಿನ ಹಿಂದಿನ ಜಾಯಿಂಟುಗಳಲ್ಲಿ ಏನೂ ಇಲ್ಲ. ಮುಂದಿನ ಜಾಯಿಂಟುಗಳನ್ನು ಬರ್ನರ್ ಉರಿಯುವಾಗಲೇ ನೋಡಬೇಕು, ವಾಲ್ವ್ ಮುಚ್ಚಿದ್ದಾಗ ಅಲ್ಲಿ ಗ್ಯಾಸೇ ಇರುವುದಿಲ್ಲವಲ್ಲ. ಹೊತ್ತಿಸಿ ಮತ್ತೆ ಹಚ್ಚಿದರು. ಪೈಲಟ್ ಟ್ಯೂಬಿನ ನಟ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಲಿಲ್ಲ, ಮೆಲ್ಲಗೆ ಉಬ್ಬುತ್ತಾ ಮೆಣಸಿನ ಕಾಳಿನಷ್ಟಾಯಿತು. ನನ್ನ ಕಣ್ಣಿಗೆ ಅದು ಬರೀ ಸೋಪಿನ ನೊರೆ. ಅವರು ಹೀಟರ್ ಆರಿಸಿ, ಗ್ಯಾಸ್ ಮುಚ್ಚಿ, ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಒರೆಸಿ, ಮತ್ತೆ ಹೊತ್ತಿಸಿ ಮತ್ತೆ ಹಚ್ಚಿದರು. ಎರಡನೇ ಸಲ ಏನೂ ಇಲ್ಲ. ಮೂಗಿಗೆ ಆ ಸೋರಿಕೆ ಯಾವತ್ತೂ ಸಿಗುತ್ತಿರಲಿಲ್ಲ.

ಮ್ಯಾನೋಮೀಟರ್ ಹಾಕಿ ಒತ್ತಡ ನೋಡಿದರು. ಎಲ್‌ಪಿಜಿಗೆ ಸಾಮಾನ್ಯವಾಗಿ ಬರ್ನರ್ ಹತ್ತಿರ 10 ಇಂಚು ಎತ್ತರದ ನೀರಿನಷ್ಟು ಒತ್ತಡ ಇರುತ್ತದೆ, ನೈಸರ್ಗಿಕ ಅನಿಲಕ್ಕೆ ಮೂರೂವರೆ ಇಂಚು, ಆದರೆ ಕೊನೇ ಮಾತು ಹೀಟರಿನ ಫಲಕದ್ದೇ. ಬ್ಲೋವರ್ ನಿಲ್ಲಿಸಿ ಹೀಟರ್ ಮಿತಿಮೀರಿ ಕಾಯಲು ಬಿಟ್ಟು, ಲಿಮಿಟ್ ಸ್ವಿಚ್ ಗ್ಯಾಸ್ ಕಡಿಯುತ್ತದಾ ಅಂತ ನೋಡಿದರು. ಕೊನೆಗೆ, ಗ್ಯಾಸಿನ ಕೈವಾಲ್ವ್ ಮುಚ್ಚಿ ಥರ್ಮೋಸ್ಟಾಟ್ ಏರಿಸಿದರು. ಟಿಕ್ ಟಿಕ್ ಟಿಕ್. ಗಡಿಯಾರ ನೋಡುತ್ತಾ ನಿಂತೆವು. 90 ಸೆಕೆಂಡಿಗೆ ಸದ್ದು ನಿಂತಿತು, ಕೆಂಪು ದೀಪ ಮಿನುಗಿತು. ಗ್ಯಾಸ್ ತೆರೆದರೂ ತಾನಾಗಿ ಹೊತ್ತಲಿಲ್ಲ, ಥರ್ಮೋಸ್ಟಾಟ್ ಇಳಿಸಿ ಏರಿಸಿದ ಮೇಲೇ ಹೊತ್ತಿತು. ನಿಮ್ಮ ಮನೆಗೆ ಬಂದ ಫಿಟ್ಟರ್ ಈ ಒಂದು ಪರೀಕ್ಷೆ ಮಾಡದೆ ಹೊರಟರೆ ಬಾಗಿಲಲ್ಲಿ ಅಡ್ಡ ನಿಂತುಕೊಳ್ಳಿ.

ಇಷ್ಟೆಲ್ಲ ಮಾಡಿದವರು ಒಂದನ್ನು ಮಾಡಿರಲಿಲ್ಲ. ಅವತ್ತು ಮೈಕ್ರೋಆಂಪ್ ಮೀಟರ್ ತಂದಿರಲಿಲ್ಲ.

ನಾಲ್ಕನೇ ದಿನದಿಂದ ಕಾಟ ಶುರುವಾಯಿತು. ಪೈಲಟ್ ಹೊತ್ತುತ್ತದೆ, ಕಣ್ಣಿಗೆ ಕಾಣುತ್ತದೆ, ಆದರೂ ಕಿಡಿ ನಿಲ್ಲಲ್ಲ, ದೊಡ್ಡ ಬರ್ನರ್ ಹೊತ್ತಲ್ಲ, 90 ಸೆಕೆಂಡಿಗೆ ಲಾಕ್‌ಔಟ್. ರಾತ್ರಿ ಮೂರು ಸಲ ಎದ್ದು ಥರ್ಮೋಸ್ಟಾಟ್ ತಿರುಗಿಸಿದೆ. ಹಳೇ ಪೈಲಟ್ಟೇ ವಾಸಿ ಇತ್ತಪ್ಪಾ ಅನಿಸಿತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಏನನ್ನೂ ಕೇಳದೆ, "ಮಾಡ್ಯೂಲ್ ಕಳಿಸಿ, ಬದಲಿಸಿ ಕೊಡುತ್ತೇವೆ". ಚಳಿಯಲ್ಲಿ ಎಷ್ಟು ದಿನ ಅಂತ ಕೇಳಿದರೆ ಉತ್ತರ ಇಲ್ಲ. ಒಂದು ಸ್ಟಾರ್ ಕಿತ್ತುಕೊಂಡದ್ದು ಇಲ್ಲೇ.

ಫಿಟ್ಟರ್ ಮತ್ತೆ ಬಂದರು, ಈ ಸಲ ಮೀಟರ್ ಸಮೇತ. ಮಾಡ್ಯೂಲಿನ ಅರ್ಥ್ ವೈರ್ ಬಿಚ್ಚಿ ನಡುವೆ ಮೀಟರ್ ಸೇರಿಸಿದರು. 0.3 ಮೈಕ್ರೋಆಂಪ್, ಮುಳ್ಳು ನಡುಗುತ್ತಿತ್ತು. ಮಾಡ್ಯೂಲ್ ಬಲಗಣ್ಣು ಮುಚ್ಚಿ ನೋಡಿದ ಹಾಗೆ ಅಂದರು, ಅದೊಂದೇ ಅವರು ಆಡಿದ ತಮಾಷೆ. ಆ ಮೈಕ್ರೋಆಂಪ್ ಜ್ವಾಲೆಯಿಂದ ಪೈಲಟಿನ ಲೋಹಕ್ಕೆ, ಅಲ್ಲಿಂದ ಅರ್ಥ್ ಮೂಲಕ ಮಾಡ್ಯೂಲಿಗೆ ವಾಪಸ್ ಬರಬೇಕು. ನಮ್ಮ ಹೀಟರಿನಲ್ಲಿ ಪೈಲಟ್ ಕೂತಿದ್ದ ತಗಡಿಗೆ ತುಕ್ಕು, ಮೇಲೆ ಹಳೇ ಪೇಂಟ್. ದಾರಿಯೇ ಕಟ್ಟಿತ್ತು. ತಗಡನ್ನು ಉಜ್ಜಿ ಹೊಳಪು ಬರಿಸಿ, ಪೈಲಟಿನಿಂದ ಮಾಡ್ಯೂಲಿಗೆ ನೇರ ಒಂದು ಅರ್ಥ್ ವೈರ್ ಎಳೆದರು. ಪೈಲಟ್ ಜ್ವಾಲೆ ಕಡ್ಡಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ಸುತ್ತಿಕೊಳ್ಳುವ ಹಾಗೆ ಸ್ಕ್ರೂ ತಿರುಗಿಸಿದರು. ಮೀಟರ್ 2.8ಕ್ಕೆ ಏರಿ ಅಲ್ಲಾಡದೆ ನಿಂತಿತು. ಅವತ್ತಿನಿಂದ ಇವತ್ತಿನವರೆಗೆ ಒಂದೂ ಲಾಕ್‌ಔಟ್ ಇಲ್ಲ. ಈ ಅರ್ಥ್ ವಿಷಯ ಕೈಪಿಡಿಯಲ್ಲಿ ಇತ್ತಾ? ಇತ್ತು, ಹದಿನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಇನ್ನೊಂದು ಕೊರತೆಯನ್ನು ಒಪ್ಪಿಕೊಂಡೇ ತಗೊಳ್ಳಬೇಕು: ಕರೆಂಟ್ ಹೋದರೆ ಇಗ್ನಿಷನ್ನೂ ಹೋಯಿತು. ನಮ್ಮ ಹೀಟರಿಗೆ ಬ್ಲೋವರ್ ಇರುವುದರಿಂದ ಮೊದಲೂ ಕರೆಂಟ್ ಇಲ್ಲದೆ ನಡೆಯುತ್ತಿರಲಿಲ್ಲ, ನಮಗೆ ನಷ್ಟ ಇಲ್ಲ. ಆದರೆ ಗೋಡೆಗೆ ಕೂರಿಸುವ ಕೆಲವು ಹೀಟರುಗಳು ಪೈಲಟಿನ ಶಾಖದಿಂದಲೇ ಅರ್ಧ ವೋಲ್ಟಿನಷ್ಟು ವಿದ್ಯುತ್ ಹುಟ್ಟಿಸಿಕೊಂಡು ಥರ್ಮೋಸ್ಟಾಟ್ ಸಮೇತ ಕರೆಂಟಿಲ್ಲದೆ ಓಡುತ್ತವೆ. ಪದೇ ಪದೇ ಕರೆಂಟ್ ಹೋಗುವ ಕಡೆ ಅಂಥದ್ದು ಇದ್ದವರು ಪೈಲಟ್ ಕಳೆದುಕೊಳ್ಳುವುದು ಬುದ್ಧಿವಂತಿಕೆ ಅಲ್ಲ.

ನೀರು ಕಾಯಿಸುವ ಟ್ಯಾಂಕಿಗೆ ಹಾಕಬಹುದಾ ಅಂತ ತಮ್ಮ ಕೇಳಿದ. ಬೇಡ ಅಂದೆ. ಟ್ಯಾಂಕಿನ ಪೈಲಟ್ ಶಾಖದಲ್ಲಿ ಒಂದಷ್ಟು ನೀರಿಗೇ ಹೋಗುತ್ತದೆ, ಪೂರ್ತಿ ದಂಡವಲ್ಲ. ಜೊತೆಗೆ ಆ ಟ್ಯಾಂಕಿಗೆ ತಯಾರಕರು ಒಪ್ಪಿದ ಕಿಟ್ ಇಲ್ಲದಿದ್ದರೆ ಬೇರೆ ಯಾವುದನ್ನೋ ತಂದು ತೂರಿಸುವಂತಿಲ್ಲ. ಹಳೆಯದಾದಾಗ ಟ್ಯಾಂಕೇ ಬದಲಿಸಿಕೊಳ್ಳಲಿ.

ಸದ್ದು ಮೊದಮೊದಲು ಕಿರಿಕಿರಿ ಅನಿಸಿತು. ರಾತ್ರಿ ನಿಶ್ಶಬ್ದದಲ್ಲಿ ಟಿಕ್ ಟಿಕ್, ಆಮೇಲೆ ಬುಸ್ ಅಂತ ಬರ್ನರ್. ಈಗ ಕೇಳಿಸುವುದೇ ಇಲ್ಲ. ಆದರೆ ಟಿಕ್ ಟಿಕ್ ಎಂಟ್ಹತ್ತು ಸಲ ದಾಟಿದರೆ ನಿದ್ದೆಯಲ್ಲೂ ಕಣ್ಣು ಬಿಡುತ್ತೇನೆ, ಅದು ಕಡ್ಡಿಗೆ ಮಸಿ ಹಿಡಿದಿದೆ ಅಂತ ಲೆಕ್ಕ. ಕಳೆದ ತಿಂಗಳು ಹಾಗಾಯಿತು. ಕರೆಂಟೂ ಗ್ಯಾಸೂ ಆಫ್ ಮಾಡಿ, ಕಡ್ಡಿಯನ್ನು ನಯವಾದ ಸ್ಟೀಲ್ ಉಣ್ಣೆಯಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಹಾಕಿದೆ. ಅಮ್ಮ ಹಿಂದೆ ನಿಂತು ನೋಡುತ್ತಿದ್ದಳು. "ಬೆಂಕಿಪೊಟ್ಟಣ ಬೇಡ್ವೇನೋ?" ಅಂದಳು. ಬೇಡ ಅಂದೆ. ಪೊಟ್ಟಣ ಮಾತ್ರ ಇನ್ನೂ ಹೀಟರ್ ಪಕ್ಕದ ಗೂಡಿನಲ್ಲೇ ಇದೆ, ಅವಳು ತೆಗೆಯಲು ಬಿಡುತ್ತಿಲ್ಲ.